ಪೆನ್ಸಿಲ್ ತೂರಿದ ತೂತುಗಳು

ಆಗೆಲ್ಲ ಶನಿವಾರ ಬಂದರೆ ನಾನು ಅಮೆರಿಕದ ಷಾರ್ಲೆಟ್ ನಗರದ ಹೊರವಲಯದ ಶೂಟಿಂಗ್ ರೇಂಜಿನಲ್ಲಿರುತ್ತಿದ್ದೆ. ಪಿಸ್ತೂಲಿನ ಲೈಸೆನ್ಸಿಗೆಂದು ಬಂದು, ಗುಂಡು ಹೊಡೆಯುವ ಪರೀಕ್ಷೆಯಲ್ಲಿ ತಿಣುಕಾಡುವವರ ಪಕ್ಕ ನಿಂತು ತಿದ್ದುವುದು ನನ್ನ ಕೆಲಸ. ಸಂಬಳವಿಲ್ಲ, ಬರೀ ಹುಮ್ಮಸ್ಸು. ಕ್ಲಾಸ್ ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಮಂಗಳೂರು ಕಡೆಯ ಅಂಕಲ್. ನನಗೂ ಅವರೇ ಗುರು. ಮೂರು ವರ್ಷದ ಹಿಂದೆ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದಾಗ, ನನ್ನ ಟಾರ್ಗೆಟ್ ಪೇಪರಿನ ಮೇಲೆ ಸಹಿ ಹಾಕಿ ಕೊಟ್ಟಿದ್ದರು. ಅದಕ್ಕೆ ಫ್ರೇಮ್ ಹಾಕಿಸಿ ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದೆ. ಯಾರು ಅಳುಮೋರೆ ಹಾಕಿದರೂ "ನಾನೂ ಹೀಗೇ ಇದ್ದೆ" ಎಂದು ಅದರ ಕಥೆ ಶುರುಮಾಡುತ್ತಿದ್ದೆ.

ಹಾಗೆ ನನ್ನ ಪಾಲಿಗೆ ಬಂದವರು ಡಾಕ್ಟರ್ ಆಂಟಿ. ಬ್ಯಾಲಂಟೈನ್ ಬಡಾವಣೆಯ ಹತ್ತಿರ ಅವರದೇ ಮಕ್ಕಳ ಕ್ಲಿನಿಕ್. ಸಂಜೆ ಬಾಗಿಲು ಹಾಕಿಕೊಂಡು ಹೊರಡುವ ಹೊತ್ತಿಗೆ ಯಾರೋ ಒಬ್ಬ ಎರಡು ಸಲ ಅವರ ಕಾರಿನ ಬಾಗಿಲು ಎಳೆದು ನೋಡಿದ್ದ. ಆ ಹೆದರಿಕೆಯೇ ಅವರನ್ನು ರೇಂಜಿಗೆ ಕರೆತಂದಿತ್ತು. ಕೈಯೇನೋ ಕಲ್ಲಿನಷ್ಟು ಸ್ಥಿರ. ಆದರೆ ಟ್ರಿಗರ್ ಎಳೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಣ್ಣು ಮುಚ್ಚಿಬಿಡುತ್ತಿದ್ದರು.

"ಮೂವತ್ತು ವರ್ಷದಿಂದ ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗ ಕಣ್ಣು ಮುಚ್ಕೋ ಪುಟ್ಟಾ ಅಂತ ಹೇಳಿ ಹೇಳಿ, ನನಗೇ ಅಭ್ಯಾಸ ಆಗೋಗಿದೆ ಕಣೇ," ಎಂದು ನಗುತ್ತಿದ್ದರು.

ಖಾಲಿ ಪಿಸ್ತೂಲಿನ ಮೇಲೆ ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಸಿದೆ. ನಾಣ್ಯ ಬೀಳಲಿಲ್ಲ, ಕಣ್ಣು ಮಾತ್ರ ಮುಚ್ಚುತ್ತಲೇ ಇತ್ತು. ದೊಡ್ಡ ಪಿಸ್ತೂಲಿನ ಒದೆತ ತಾಳದವರಿಗೆ ಅಂಕಲ್ ತಮ್ಮ ಚಿಕ್ಕ ಪಿಸ್ತೂಲು ಕೊಡುತ್ತಿದ್ದರು. ಅದರ ಗುಂಡೂ ಸಣ್ಣ, ಪೇಪರಿನಲ್ಲಿ ಬೀಳುವ ತೂತೂ ಸಣ್ಣ. ಅಂದು ನನಗೆ ಕೊಟ್ಟದ್ದೂ ಅದನ್ನೇ, ಈಗ ಆಂಟಿಗೆ ಕೊಟ್ಟದ್ದೂ ಅದನ್ನೇ.

ಐದನೇ ಶನಿವಾರ ಪರೀಕ್ಷೆ. ಮೂವತ್ತು ಗುಂಡಿನಲ್ಲಿ ಇಪ್ಪತ್ತೊಂದು ಟಾರ್ಗೆಟ್ಟಿನ ಗೆರೆಯೊಳಗೆ ಬೀಳಬೇಕು. ನಾನು ಕೊನೆಯ ಲೇನಿನಲ್ಲಿ ಇನ್ನೊಬ್ಬರ ಜೊತೆಗಿದ್ದೆ. ಅಂಕಲ್ "ಪಾಸ್!" ಎಂದು ಕೂಗಿದಾಗ ಓಡಿಬಂದು ಆಂಟಿಯನ್ನು ಅಪ್ಪಿಕೊಂಡೆ. ಅವರು ಕೈ ತೊಳೆಯಲು ಹೋದಾಗ ಅವರ ಪೇಪರನ್ನು ಸುತ್ತಿಡಲು ಎತ್ತಿಕೊಂಡೆ. ಸಣ್ಣ ತೂತುಗಳ ನಡುವೆ ಎರಡು ದೊಡ್ಡ ತೂತುಗಳಿದ್ದವು.

ಅಂಕಲ್ ನೆಲದ ಮೇಲಿನ ಖಾಲಿ ತೋಟಾ ಗುಡಿಸುತ್ತಿದ್ದರು. ಕೇಳಿದೆ. ಅವರು ಮುಚ್ಚುಮರೆಯನ್ನೇನೂ ಮಾಡಲಿಲ್ಲ.

"ಎರಡು ಕಮ್ಮಿ ಬಿತ್ತು ಮಾರಾಯ್ತಿ. ಪಕ್ಕದ ಲೇನಿಂದ ದೊಡ್ಡ ಪಿಸ್ತೂಲಲ್ಲಿ ನಾನೇ ಹೊಡೆದೆ. ಊರಲ್ಲಿ ಮೇಷ್ಟ್ರು ಗ್ರೇಸ್ ಮಾರ್ಕ್ಸ್ ಕೊಡ್ತಿರ್ಲಿಲ್ವಾ? ನಮ್ಮವರನ್ನು ಫೇಲ್ ಮಾಡ್ಲಿಕ್ಕೆ ಆಗ್ತದಾ?"

"ಅವರು ಇದನ್ನ ನಂಬ್ಕೊಂಡು ಪರ್ಸಲ್ಲಿ ಗನ್ ಇಟ್ಕೋತಾರೆ, ಅಂಕಲ್!"

"ಎಂತ ಆಗುದಿಲ್ಲ. ನೀನೂ ಇಟ್ಕೊಂಡಿಲ್ವಾ?"

ನನಗೂ ಗ್ರೇಸ್ ಕೊಟ್ಟಿದ್ರಾ ಎಂದು ಕೇಳಿದೆ. ಅವರು ನಕ್ಕು ಮತ್ತೆ ಗುಡಿಸತೊಡಗಿದರು.

ಮನೆಗೆ ಬಂದವಳೇ ಫ್ರೇಮ್ ಬಿಚ್ಚಿ, ಒಂದೊಂದು ತೂತಿಗೂ ಪೆನ್ಸಿಲ್ ತೂರಿಸಿ ನೋಡಿದೆ. ಸಣ್ಣವುಗಳಲ್ಲಿ ಸಿಕ್ಕಿಕೊಂಡ ಪೆನ್ಸಿಲ್ ನಾಲ್ಕರಲ್ಲಿ ಸಲೀಸಾಗಿ ಆಚೆ ಬಂತು. ಮೈಯೆಲ್ಲ ಉರಿಯಿತು. ಫೇಲ್ ಎಂದಿದ್ದರೆ ನಾಲ್ಕನೇ ಸಲ ಹೋಗುತ್ತಿದ್ದೆ, ಅಷ್ಟೇ. ಈ ಮನುಷ್ಯ ನನ್ನ ಹೆಮ್ಮೆಯನ್ನೇ ನನಗೆ ದಾನ ಕೊಟ್ಟು ಮೂರು ವರ್ಷ ಬಾಯಿಮುಚ್ಚಿಕೊಂಡಿದ್ದರು. ನಾನು ತಿದ್ದಿದೆ ಎಂದುಕೊಂಡವರಲ್ಲಿ ನಿಜವಾಗಿ ಪಾಸಾದವರು ಯಾರೆಂದು ಈಗ ಯಾರನ್ನು ಕೇಳಲಿ?

ಸೋಮವಾರ ಮಧ್ಯಾಹ್ನ ನನ್ನದು, ನನ್ನ ಬಳಿಯೇ ಉಳಿದಿದ್ದ ಆಂಟಿಯದು, ಎರಡೂ ಪೇಪರ್ ಹಿಡಿದು ಕ್ಲಿನಿಕ್ಕಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಂಟಿಗೆ ಮೊದಲು ಸಿಟ್ಟು ಬಂದದ್ದು ನನ್ನ ಮೇಲೆಯೇ.

"ಪಾಸಾದ್ಮೇಲೆ ಬಂದು ಹೀಗ್ ಹೇಳ್ತೀಯಲ್ಲ, ನಿನಗೇನ್ ಸಂಕಟ?"

ನಾನು ಪೆನ್ಸಿಲ್ ಮುಂದಿಟ್ಟೆ. ಮಕ್ಕಳನ್ನು ಮಲಗಿಸಿ ನೋಡುವ ಮೇಜಿನ ಮೇಲೆ ಎರಡೂ ಪೇಪರನ್ನು ಹರಡಿಕೊಂಡು, ಆಂಟಿ ತಾವೇ ಒಂದೊಂದಾಗಿ ಪರೀಕ್ಷೆ ಮಾಡಿದರು.

"ನನಗೆ ಎರಡು, ನಿನಗೆ ನಾಲ್ಕು," ಎಂದರು ಮೆಲ್ಲಗೆ. "ನಿನ್ನನ್ನ ನೋಡಿ ಧೈರ್ಯ ತಂದ್ಕೊಂಡಿದ್ನಲ್ಲೇ ನಾನು."

ಆಮೇಲೆ ಡ್ರಾಯರ್ ಎಳೆದು, ಲೈಸೆನ್ಸಿಗಾಗಿ ಶೆರಿಫ್ ಆಫೀಸಿಗೆ ಕೊಡಬೇಕಿದ್ದ ಪಾಸ್ ಸರ್ಟಿಫಿಕೇಟ್ ತೆಗೆದು ಎರಡಾಗಿ ಹರಿದರು. ಕಣ್ಣು ತೆರೆದೇ ಇತ್ತು.

"ನಂದು ಹರಿದೆ. ನಿನ್ನ ಲೈಸೆನ್ಸು?"

ಅದು ನನ್ನ ಪರ್ಸಿನಲ್ಲಿ, ಪಿಸ್ತೂಲಿನ ಪಕ್ಕದಲ್ಲೇ ಇತ್ತು. ನಾನು ಪರ್ಸನ್ನು ಮಡಿಲಿಗೆ ಎಳೆದುಕೊಂಡು ಬಿಗಿಯಾಗಿ ಹಿಡಿದೆ.