ಬಾವಿಗೆ ಬಿಟ್ಟ ಒಂದು ಗೇಣು

ರಾಯಲ್ಪಾಡಿನ ಹೊರಗೆ ಮಾವಿನ ತೋಪಿನ ಪಕ್ಕದ ಬಾವಿಗೆ ಇನ್ನೂ ಬೆಳಕು ಇಳಿದಿಲ್ಲ. ಗಂಗುಲಪ್ಪನವರು ಸೈಕಲ್ಲನ್ನು ಮರಕ್ಕೊರಗಿಸಿ, ಚಪ್ಪಲಿ ಕಳಚಿ, ಬಾವಿಗೆ ಕೈಮುಗಿಯುತ್ತಾರೆ. ಕಟ್ಟೆಯ ಮೇಲಿನ ಕೆಂಪು ಗುರುತಿನ ಬಳಿ ಕೂತು ಉಕ್ಕಿನ ಟೇಪನ್ನು ನಿಧಾನವಾಗಿ ಇಳಿಬಿಡುತ್ತಾರೆ. ಅದರ ತುದಿಯಲ್ಲಿ ಬೋರಲು ಲೋಟದಂಥ ಹಿತ್ತಾಳೆಯ ತೂಕವೊಂದು ನೇತಾಡುತ್ತಿದೆ. ಅದು ನೀರು ಮುಟ್ಟಿದಾಗ ‘ಟೊಪ್’ ಎನ್ನುತ್ತದೆ. ಆ ಸದ್ದಿಗೇ ಅವರು ಕಿವಿಗೊಟ್ಟಿರುವುದು.

ಕೊಡ ಹಿಡಿದು ಬಂದ ತೋಪಿನ ಒಡತಿ ಮುನಿಶಾಮಮ್ಮ ದೂರದಿಂದಲೇ ಕೆಣಕುತ್ತಾರೆ. “ಏಮಯ್ಯಾ ಗಂಗುಲಪ್ಪಾ, ಹೋದ್ಸಲ ಬಿಟ್ಟುಹೋದ ನೀರು ಹಂಗೇ ಐತಾ, ಇಲ್ಲ ನಾನೇನಾದ್ರೂ ಕದ್ದಿದೀನಾ?”

“ಸುಮ್ನಿರಕ್ಕಾ. ನಿನ್ನ ಬಾಯಿ ನಿಂತ್ರೆ ಬಾವಿ ಮಾತಾಡುತ್ತೆ.”

ಮುನಿಶಾಮಮ್ಮ ನಕ್ಕು, ಕೊಡ ಇಳಿಸಿ ಕಾಯುತ್ತಾರೆ. ಮೊದಲ ಕೊಡ ಏಳುವ ಮುಂಚೆ, ಮೋಟಾರು ಶುರುವಾಗುವ ಮುಂಚೆ ಅಳೆದರಷ್ಟೇ ಲೆಕ್ಕ ಸರಿ. ನೆಲದೊಳಗಿನ ಮಾತು ಕೇಳಬೇಕಾದರೆ ಮೇಲಿನವರು ಒಂದು ಗಳಿಗೆ ಸುಮ್ಮನಿರಬೇಕು.

ಐವತ್ತೆರಡರ ಗಂಗುಲಪ್ಪನವರು ಓದಿದ್ದು ನಾಲ್ಕನೇ ಕ್ಲಾಸು. ರಾಗಿ, ಹಿಪ್ಪುನೇರಳೆ ಬೆಳೆಯುತ್ತಾರೆ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ ಎಂದು ತಿಳಿಯಲು ಬೆಂಗಳೂರಿನ ಸಂಶೋಧಕರ ತಂಡವೊಂದು 1978ರಲ್ಲಿ ಈ ಕಡೆ ಬಂದಾಗ, ಊರವರು ಇವರನ್ನೇ ತೋರಿಸಿದರು. ಕಾರಣ, ಕಣದಲ್ಲಿ ಧಾನ್ಯದ ರಾಶಿ ಅಳೆಯುವುದು ಇವರ ಮನೆತನದ ಕೆಲಸ. ಅಂದಿನಿಂದ ಗೌನಿಪಲ್ಲಿಯವರೆಗೆ ಹರಡಿರುವ ಹದಿನಾಲ್ಕು ಬಾವಿಗಳು ಇವರ ಪಾಲಿಗೆ ಬಂದಿವೆ. ಬೆಳಗಿಗೆ ಎರಡರಂತೆ, ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ಅಳೆಯಬೇಕು. ಆರು ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಳತೆಗಳು. ಜ್ವರ ಬಂದ ದಿನ ಹೆಂಡತಿ ಭಾರತಮ್ಮ ಟೇಪು ಹಿಡಿದದ್ದುಂಟು; ಇವರು ಕಂಬಳಿ ಹೊದ್ದು ಪಕ್ಕದಲ್ಲಿ ಕೂತು ಅಂಕಿ ನೋಡಿ ಬರೆದದ್ದುಂಟು.

ಈ ಆರು ವರ್ಷವೂ ಕಸದ ಬುಟ್ಟಿ ಸೇರುವ ಹೊತ್ತು ಕಳೆದ ಬೇಸಿಗೆಯಲ್ಲಿ ಬಂದಿತ್ತು. ತಂಡದ ಹಿರಿಯ ರಾಮಚಂದ್ರಪ್ಪನವರು ತಾವೇ ಬಂದು, ಗಂಗುಲಪ್ಪ ಅಳೆದ ಬೆನ್ನಿಗೇ ಇನ್ನೊಂದು ಟೇಪು ಬಿಟ್ಟು ನೋಡಿದರು. ನೀರು ಪುಸ್ತಕದಲ್ಲಿ ಬರೆದದ್ದಕ್ಕಿಂತ ಮೇಲಿತ್ತು. ಎರಡನೇ ಬಾವಿಯಲ್ಲೂ ಹಾಗೇ.

“ಗಂಗುಲಪ್ಪನವರೇ, ಇಷ್ಟು ವರ್ಷದ್ದೂ ಹೀಗೇನಾ? ಮನೇಲಿ ಕೂತು ಬರೆದ್ರಾ?” ಅಂದರು. ತಪ್ಪು ಲೆಕ್ಕವೆಂದಾದರೆ ಎಲ್ಲ ಪುಸ್ತಕಗಳನ್ನೂ ಬದಿಗಿಟ್ಟು ಮೊದಲಿನಿಂದ ಶುರುಮಾಡಬೇಕಿತ್ತು.

ಗಂಗುಲಪ್ಪನವರು ಮುಚ್ಚಿಡಲಿಲ್ಲ. “ಕಣದಾಗೆ ರಾಶಿ ತಳ ಕೆರೆದು ಅಳೆಯಲ್ಲ ಸಾರ್. ದೇವರ ಪಾಲು ಅಂತ ಒಂದಿಷ್ಟು ಬಿಡ್ತೀವಿ. ಪೂರ್ತಿ ಲೆಕ್ಕ ಹೇಳಿದ್ರೆ ದೃಷ್ಟಿಯಾಗುತ್ತೆ. ಗಂಗಮ್ಮನ ಲೆಕ್ಕಾನೂ ಪೂರ್ತಿ ಹೇಳ್ಬಾರ್ದಲ್ಲ? ಅದಕ್ಕೆ ಒಂದು ಗೇಣು ಕಮ್ಮಿ ನೀರು ತೋರಿಸ್ದೆ.”

“ಪ್ರತಿ ಸಲಾನೂ?”

“ಪ್ರತಿ ಸಲಾನೂ. ಕೆಂಪು ಗುರುತಿನ ಹತ್ರ ಟೇಪಿನ ಮೇಲೆ ಕೈ ಅಗಲಿಸಿ ಇಡ್ತಿದ್ದೆ. ಕಿರುಬೆರಳು ನಿಂತ ಅಂಕಿ ಬರ್ಕೊಳ್ತಿದ್ದೆ.”

“ಭಾರತಮ್ಮ ಅಳೆದ ದಿನ?”

“ಟೇಪು ಅವಳ್ದು, ಗೇಣು ನಂದೇ. ಅವಳ ಕೈ ಚಿಕ್ಕದು ಸಾರ್, ದೇವರಿಗೆ ಮೋಸ ಆಗುತ್ತೆ.”

ರಾಮಚಂದ್ರಪ್ಪನವರು ಬಾವಿಕಟ್ಟೆಯ ಮೇಲೇ ಅವರ ಬಲಗೈ ಅಗಲಿಸಿ ಟೇಪಿಟ್ಟರು. ಇಪ್ಪತ್ತೆರಡು ಸೆಂಟಿಮೀಟರು. ಬಾವಿಯಲ್ಲಿ ಕಂಡ ವ್ಯತ್ಯಾಸವೂ ಅಷ್ಟೇ. ಒಂದೊಂದು ಬೆಳಗ್ಗೆ ಎರಡರಂತೆ ಉಳಿದ ಹನ್ನೆರಡನ್ನೂ ನೋಡಿದರು. ಎಲ್ಲೂ ಆ ಗೇಣಿಗಿಂತ ಬೆರಳಗಲ ಹೆಚ್ಚುಕಮ್ಮಿಯಿರಲಿಲ್ಲ. ಕೊನೆಯ ಬಾವಿಯ ಬಳಿ ಅವರಿಗೆ ನಗು ತಡೆಯಲಾಗಲಿಲ್ಲ. ಪ್ರತಿ ಅಳತೆಯಿಂದ ಇಪ್ಪತ್ತೆರಡು ಕಳೆದರೆ ಆಯಿತು, ಆರು ವರ್ಷವೂ ಉಳಿಯಿತು.

ಈಗ ಗಂಗುಲಪ್ಪನವರು ಇದ್ದದ್ದನ್ನು ಇದ್ದಹಾಗೇ ಬರೆಯುತ್ತಾರೆ. ಗಂಗಮ್ಮನಿಗೆ ಕೋಪ ಬರುವುದಿಲ್ಲವೇ ಎಂದರೆ, ಅದಕ್ಕೂ ಸಮಾಧಾನ ಸಿಕ್ಕಿದೆ. “ಸಾರ್ ಹೇಳಿದ್ರು, ನೀವು ಅಳೆಯೋದು ನೀರಲ್ಲ ಕಣ್ರೀ, ಕಟ್ಟೆಯಿಂದ ನೀರಿನವರೆಗಿನ ಖಾಲಿ ಜಾಗ ಅಂತ. ನಂಗೆ ಇಷ್ಟು ದಿನ ಹೊಳೆದೇ ಇರ್ಲಿಲ್ಲ. ಖಾಲೀಗೆ ಯಾರ ದೃಷ್ಟಿ ತಾಕುತ್ತೆ?”

ಸರಿಪಡಿಸಿದ ಅಳತೆಗಳನ್ನೆಲ್ಲ ಒಂದೇ ಗೆರೆಯಾಗಿ ಎಳೆದ ಕಾಗದವೊಂದನ್ನು ತಂಡದವರು ಅವರಿಗೆ ಕೊಟ್ಟುಹೋಗಿದ್ದಾರೆ. ಮನೆಗೆ ಬಂದಮೇಲೆ, ದೇವರ ಪಟದ ಪಕ್ಕದಲ್ಲಿದ್ದ ಅದನ್ನು ತಂದು ಜಗಲಿಯ ಮೇಲೆ ಹರವುತ್ತಾರೆ. ಗೆರೆ ಒಂದು ಕಡೆ ಗುಡ್ಡದಂತೆ ಏರಿದೆ. ಅಲ್ಲಿ ಬೆರಳಿಡುತ್ತಾರೆ.

“ಇದು ಒಂದು ವರ್ಷ ಬಂತಲ್ಲ, ಆ ದೊಡ್ಡ ಮಳೆ. ಮಳೆ ನಿಂತು ಇಪ್ಪತ್ತು ದಿನ ಆದ್ಮೇಲೆ ಬಾವಿ ಏರ್ತು. ಮಳೆ ಬಿದ್ದಿದ್ದನ್ನ ಊರೆಲ್ಲ ನೋಡ್ತು. ಅದು ಒಳಕ್ಕೆ ಹೋಗಿ ಸೇರಿದ್ದನ್ನ ನೋಡಿದ್ದು ನಾನೊಬ್ನೇ.”