ಗೋಸುಂಬೆಗೆ ಇಟ್ಟ ಕೊಂಬೆ

ಗೋಸುಂಬೆ ಸಾಕುವ ಆಸೆ ನನಗೇನೂ ಇರಲಿಲ್ಲ. ಮುಂಗಾರಿಗೆ ಮುಂಚೆ ಕಾಫಿ ತೋಟದಲ್ಲಿ ಮರಗಸಿ ಮಾಡಿಸುತ್ತಿದ್ದೆವು. ನೆರಳು ಜಾಸ್ತಿಯಾದ ಮರಗಳ ಕೊಂಬೆ ಕಡಿದು ಉರುಳಿಸುವ ಕೆಲಸ ಅದು. ಒಂದು ಕೊಂಬೆಯ ಜೊತೆ ಇದೂ ಬಿತ್ತು. ಹಿಂಗಾಲು ಊದಿತ್ತು. ಬಿಟ್ಟರೆ ಕಾಗೆ ಕುಕ್ಕೀತು ಅಂತ ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ. ಕಾಲು ವಾಸಿಯಾಗುವ ತನಕ ಇರಲಿ ಅಂತ.

ಸೊಸೆ ಬಾಗಿಲಲ್ಲೇ ತಡೆದಳು. "ಅಯ್ಯೋ ಅತ್ತೆ, ಅದರ ಉಸಿರು ತಾಗಬಾರದಂತೆ. ಆಚೆ ಬಿಡಿ."

"ನಿನ್ನ ಉಸಿರು ತಾಗಿ ಅದಕ್ಕೇನೂ ಆಗದಿದ್ರೆ ಸಾಕು, ಹೋಗೇ" ಅಂದೆ.

ಆವತ್ತಿನಿಂದ ಇಬ್ಬರನ್ನೂ ಕಾಯೋದೇ ಕೆಲಸವಾಯಿತು. ಗೋಸುಂಬೆಯ ಒಂದು ಕಣ್ಣು ನನ್ನನ್ನು ನೋಡಿದರೆ ಇನ್ನೊಂದು ಬಾಗಿಲು ನೋಡುತ್ತಿತ್ತು. ಅಂಥದ್ದನ್ನು ಯಾರು ನಂಬ್ತಾರೆ?

ಕೋಳಿ ಮುಚ್ಚುವ ಬಿದಿರು ಕುಕ್ಕೆಯೊಳಗೆ ಬಿಟ್ಟು, ಬಟ್ಟಲಲ್ಲಿ ನೀರು, ಒಂದು ಹಿಡಿ ಅನ್ನ ಇಟ್ಟೆ. ಕೋಳಿ ಸಾಕಿದ ಕೈಗೆ ಇನ್ನೇನು ಗೊತ್ತು? ಅನ್ನ ಹಳಸಿತು, ನೀರು ಹಾಗೇ ಇತ್ತು. ಬೇಕಂತಲೇ ಹಠ ಮಾಡುತ್ತೆ ಅಂದುಕೊಂಡೆ. ಮಾರನೇ ದಿನ ನಾನು ಕೈ ತೊಳೆಯುವಾಗ ಕುಕ್ಕೆಗೆ ನೀರು ಸಿಡಿಯಿತು. ಬಿದಿರಿನ ಮೇಲಿನ ಆ ಹನಿಯನ್ನು ನೆಕ್ಕಿತು. ಇದಕ್ಕೆ ಬಟ್ಟಲ ನೀರು ಆಗಲ್ಲ, ಹನಿಯೇ ಬೇಕು ಅಂತ ಆಗ ಗೊತ್ತಾಯಿತು. ತೋಟದಿಂದ ಒಳ್ಳೇ ಕಾಫಿ ಕೊಂಬೆ ಮುರಿದು ತಂದು ಕುಕ್ಕೆಯೊಳಗೆ ನಿಲ್ಲಿಸಿದೆ. ದಿನಾ ಎಲೆ ಮೇಲೆ ನೀರು ಚಿಮುಕಿಸಿದೆ. ಮಿಡತೆ ಹಿಡಿದು ಬಿಟ್ಟೆ, ತಿಂತು.

ಆಮೇಲೆ ಮೈ ಕಪ್ಪಾಗುತ್ತಾ ಬಂತು. ಹಗಲೆಲ್ಲ ಕಣ್ಣು ಮುಚ್ಚಿ ಕೂತಿತು. ಮಿಡತೆ ಮೂತಿಯ ಮೇಲೆ ಹತ್ತಿದರೂ ಬಾಯಿ ತೆರೆಯಲಿಲ್ಲ. ಮೊದಲು ನಾಟಕ ಅಂದುಕೊಂಡೆ. ಆಮೇಲೆ ಸೊಸೆಯ ಮೇಲೆ ಅನುಮಾನ ಬಂತು. ಅಟ್ಟದ ಮೇಲಿನ ಇಲಿ ಪಾಷಾಣದ ಪೊಟ್ಟಣ ನೋಡಿ ಬಂದೆ. ಒಡೆದಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ.

ಬೆಳಗೋಡಿಗೆ ಹೋಗಿಬರ್ತೀನಿ ಅಂತ ಹೇಳಿ ಹೊರಟು, ಬಸ್ಸು ಹತ್ತದೆ ಹಿತ್ತಲ ಕಡೆಯಿಂದ ವಾಪಸ್ಸು ಬಂದೆ. ನೋಡಿದರೆ ಇವಳು ಕುಕ್ಕೆ ಎತ್ತಿ ಒಳಗೆ ಕೈ ಹಾಕಿದ್ದಾಳೆ!

"ಸಿಕ್ಕಿಬಿದ್ದೆಯಲ್ಲೇ! ಏನು ಹಾಕ್ತಿದ್ದೀಯ ಅದಕ್ಕೆ?"

ಬೆಚ್ಚಿದಳು. "ಹಾಕ್ತಿಲ್ಲ ಅತ್ತೆ, ತೆಗೀತಿದ್ದೀನಿ. ನೀವು ಬೆಳಗೋಡಿಗೆ ಹೋಗ್ಲಿಲ್ವಾ?"

"ನಿನ್ನ ಕೆಲಸ ನೋಡಾಣ ಅಂತ ನಿಂತೆ."

ಕೊಂಬೆಯನ್ನು ನನ್ನ ಮುಖಕ್ಕೇ ಹಿಡಿದಳು. "ಎಲೆ ನೋಡಿ, ನೀಲಿ ಕಟ್ಟೈತೆ. ಔಷಧಿ ಹೊಡೆದ ಸಾಲಿಂದ ಮುರ್ಕಂಡು ಬಂದಿದ್ದೀರಿ. ಇದರ ಮೇಲಿನ ನೀರನ್ನೇ ದಿನಾ ಕುಡಿಸಿದ್ದೀರಿ."

ಕನ್ನಡಕ ಹಾಕಿ ನೋಡಿದೆ. ಹೌದು. ಮಳೆಗಾಲದ ಕೊಳೆರೋಗಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಸಿದ್ದು ನಾನೇ. ಎಲೆ ನೀಲಿ ಕಂಡರೆ ನಮಗೆ ಗಿಡ ಕ್ಷೇಮ ಅಂತ ಲೆಕ್ಕ. ಆ ಬಣ್ಣ ನೋಡಿಯೇ ಒಳ್ಳೇ ಕೊಂಬೆ ಅಂತ ಆರಿಸಿದ್ದೆ.

"ಮೊದಲೇ ಬೊಗಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ನಾನು ಕುಕ್ಕೆ ತೊಳೆದೆ. ಅವಳು ಹಿತ್ತಲ ದಾಸವಾಳದ ಕೊಂಬೆ ಇಟ್ಟು, ಮೂಗಿಗೆ ಸೆರಗು ಹಿಡಿದುಕೊಂಡೇ ನೀರು ಚಿಮುಕಿಸಿದಳು. ಸಂಜೆ ಹೊತ್ತಿಗೆ ಒಂದು ಹನಿ ನೆಕ್ಕಿತು. ಮೈಗೆ ಹಸಿರು ತಿರುಗೋಕೆ ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟು ದಿನವೂ ಅವಳು ನೀರು ಹಾಕುವಾಗ ನಾನು ಅಡಿಗೆಮನೆ ಕಿಟಕಿಯಲ್ಲಿ ನಿಂತು ನೋಡಿದೆ. ನಾನು ತಂದ ಒಂದೊಂದು ಎಲೆಯನ್ನೂ ಅವಳು ತಿರುಗಿಸಿ, ಉಜ್ಜಿ ನೋಡಿಯೇ ಒಳಗಿಟ್ಟಳು.

ಗೋಸುಂಬೆ ಕಾಲು ಊರಿ ಹತ್ತೋಕೆ ಶುರುಮಾಡಿದ ಮೇಲೆ, ಔಷಧಿ ಹೊಡೆಯದ ಬೇಲಿ ಸಾಲಿಗೆ ಬಿಡಲು ಇಬ್ಬರೂ ಹೋದೆವು. ಒಬ್ಬಳ ಕೈಗೇ ಕೊಟ್ಟು ಕಳಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ.