ಅಪ್ಪ ರಿವಾಲ್ವರ್ ಒರೆಸುವ ದಿನ

ನಮ್ಮಪ್ಪ ಗೋಪಣ್ಣ ರಿವಾಲ್ವರ್ ಒರೆಸಲು ಕೂತನೆಂದರೆ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಮೊಬೈಲು ಬಂದ್, ಟಿವಿ ಬಂದ್, ನನ್ನ ಹೊಲಿಗೆ ಮಷೀನೂ ಬಂದ್. ಪಡಸಾಲೆಯ ಮೂಲೆಯಲ್ಲಿ ಮರಳು ತುಂಬಿದ ಗೋಣಿಚೀಲ ಒಂದಿದೆ, ಅಪ್ಪಿತಪ್ಪಿ ಗುಂಡು ಹಾರಿದರೆ ಅದರೊಳಗೇ ಉಳಿಯಲಿ ಎಂದು. ರಿವಾಲ್ವರಿನ ಬಾಯಿ ಯಾವಾಗಲೂ ಅದರ ಕಡೆಗೇ ಇರಬೇಕು. ಚೀಲಕ್ಕೂ ಅಪ್ಪನಿಗೂ ನಡುವೆ ಬೆಕ್ಕು ಹಾದುಹೋದರೂ ಎಲ್ಲ ಮೊದಲಿನಿಂದ ಶುರು. ಮಸ್ಕಿಯ ಹೆಣ್ಣುಮಕ್ಕಳಿಗೆ ಜಂಪರಿನ ಅಳತೆ ಕೊಡಲು ಬಿಡುವಾಗುವುದು ಭಾನುವಾರ. ಅಪ್ಪನ ಈ ತಪಸ್ಸೂ ಭಾನುವಾರವೇ. ಬಂದವರು ಹೊಸ್ತಿಲಾಚೆ ನಿಂತು, "ನಿಮ್ಮಪ್ಪಂದು ಮುಗೀತೇನವಾ?" ಎಂದು ಕೇಳಿ, ಇನ್ನೂ ಇಲ್ಲವೆಂದರೆ ಬೇರೆ ಟೇಲರನ ಹತ್ತಿರ ಹೋಗುತ್ತಾರೆ. ಆ ರಿವಾಲ್ವರಿನಿಂದ ಇದುವರೆಗೆ ಸತ್ತಿದ್ದು ನನ್ನ ವ್ಯಾಪಾರ ಒಂದೇ.

ನನ್ನ ಗಂಡನ ಮನೆ ಹಿಂದಿನ ಓಣಿಯಲ್ಲೇ ಇದೆ. ಅಲ್ಲಿ ಜಾಗ ಸಾಲದೆಂದು ಮಷೀನು ತವರಿನ ಪಡಸಾಲೆಗೆ ಬಂತು, ಅದರ ಹಿಂದೆ ನಾನೂ ದಿನಾ ಬರುತ್ತೇನೆ. ಹೀಗಾಗಿ ಅಪ್ಪನ ಶಿಸ್ತನ್ನು ಮದುವೆಯಾದ ಮೇಲೂ ಅನುಭವಿಸುವ ಭಾಗ್ಯ ನನ್ನದು.

ಅಪ್ಪ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ನಿವೃತ್ತಿಯಾಗಿ ಊರಿಗೆ ಬಂದವನೇ ಲೈಸೆನ್ಸ್ ಮಾಡಿಸಿ ರಿವಾಲ್ವರ್ ತೆಗೆದುಕೊಂಡ, ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿದ. ಭತ್ತದ ಸುಗ್ಗಿಯಲ್ಲಿ ಗಿರಣಿಗೆ ಬರುವ ಲಾರಿ ಡ್ರೈವರುಗಳು ಅವನಿಗೆ ಸಲಾಮು ಹೊಡೆದು ಒಳಗೆ ಹೋಗುತ್ತಾರೆ. ಸೊಂಟದಲ್ಲಿ ಚರ್ಮದ ಚೀಲ, ತಿರುವಿದ ಮೀಸೆ, ಇಸ್ತ್ರಿ ಮಾಡಿದ ಖಾಕಿ. ಆ ಸಲಾಮಿಗಾಗಿ ಅವನು ಸಂಬಳವಿಲ್ಲದೆಯೂ ದುಡಿದಾನು ಎಂದು ನಮ್ಮವ್ವ ತಿಮ್ಮವ್ವ ಹೇಳುತ್ತಾಳೆ, ಮತ್ತು ಅದು ಸುಳ್ಳಲ್ಲ.

ಗುಂಡು ಒಂದು ಕಡೆ, ರಿವಾಲ್ವರ್ ಒಂದು ಕಡೆ, ಕೀಲಿ ಇನ್ನೊಂದು ಕಡೆ ಇರಬೇಕೆಂಬುದು ಅವನ ಕಾನೂನು. ಗುಂಡು ಒಳಕೋಣೆಯ ಟ್ರಂಕಿನಲ್ಲಿ. ರಿವಾಲ್ವರ್ ಬೀಗ ಹಾಕಿದ ಕಪಾಟಿನಲ್ಲಿ. ಎರಡರ ಕೀಲಿಯೂ ಅವ್ವನ ಎಲೆ ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಜೊತೆ. ಅಪ್ಪ ಇಟ್ಟುಕೊಂಡರೆ ಕಳೆಯುತ್ತಾನೆ, ಅವ್ವ ಮಲಗಿದರೂ ಸಂಚಿ ಬಿಚ್ಚಿಡುವವಳಲ್ಲ.

ಒರೆಸುವ ಮೊದಲು ಗುಂಡೆಲ್ಲ ಒಳಕೋಣೆಯ ಟ್ರಂಕಿನಲ್ಲೇ ಇವೆಯೇ ಎಂದು ಎಣಿಸಬೇಕು. ಆಮೇಲೆ ಗುಂಡು ಕೂರುವ ಆರು ತೂತುಗಳ ಗಾಲಿಯನ್ನು ಪಕ್ಕಕ್ಕೆ ಹೊರಳಿಸಿ, ಬೆಳಕಿಗೆ ಹಿಡಿದು ಪ್ರತಿ ತೂತನ್ನೂ ನೋಡಬೇಕು. ನೋಡಿದರೆ ಸಾಲದು, ಕಿರುಬೆರಳು ಇಟ್ಟು ಮುಟ್ಟಬೇಕು. ಗಾಲಿ ಮುಚ್ಚಿ, ಮರಳಿನ ಚೀಲದ ಕಡೆ ಹಿಡಿದು ಗುಂಡು ಹಾರಿಸುವ ಕುದುರೆ ಎಳೆದು, ಸದ್ದು ಸರಿಯಾಗಿದೆಯೇ ಎಂದು ಕಿವಿಗೊಡಬೇಕು. ಆನಂತರವೇ ಗಾಲಿ ಕಳಚುವುದು, ನಳಿಗೆಗೆ ಬ್ರಷ್ ಹಾಕುವುದು, ಬಟ್ಟೆಯ ಚೂರು ಕರ್ರಗೆ ಬರುವುದು ನಿಲ್ಲುವವರೆಗೆ ಎಳೆಯುವುದು. ಬಟ್ಟೆ ಎಲ್ಲಿಯದು? ಅವ್ವನ ಸೀರೆಯದು. ಎಣ್ಣೆ ನನ್ನ ಮಷೀನಿನದು. ಮೂಲೆ ತಿಕ್ಕಲು ನನ್ನ ಹಲ್ಲಿನ ಬ್ರಷ್. ಹಳೆಯದೆಂದುಕೊಂಡೆ ಎನ್ನುತ್ತಾನೆ. ನಾನು ಅದನ್ನು ಕೊಂಡದ್ದು ಹಿಂದಿನ ದಿನ.

"ಎಣ್ಣಿ ಒಂದ ಹನಿ ಸಾಕು. ಜಾಸ್ತಿ ಆದ್ರ ಧೂಳು ಹಿಡೀತೈತಿ" ಎಂದು ನನ್ನ ಎಣ್ಣೆಯ ಬಾಟಲಿ ಹಿಡಿದುಕೊಂಡೇ ನನಗೆ ಪಾಠ ಹೇಳುತ್ತಾನೆ. "ಖಾಲಿ ಐತಿ ಅಂತ ದೇವರ ಬಂದು ಹೇಳಿದ್ರೂ ನಂಬಬಾರದು. ಕಣ್ಣೀಲೆ ನೋಡಬೇಕು, ಬೆರಳೀಲೆ ಮುಟ್ಟಬೇಕು."

ಇಷ್ಟೆಲ್ಲ ಸರಿ. ತೊಂದರೆ ಅವನ ಕಣ್ಣಿನದು.

ಎರಡು ವರ್ಷದಿಂದ ಅಪ್ಪನ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತಿದೆ. ಓಣಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಸಿಂಧನೂರಿಗೆ ಡ್ಯೂಟಿಗೆ ಹೊರಟವನು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಕಾಣದೆ ಎದುರು ದಿಕ್ಕಿನ ಲಿಂಗಸುಗೂರು ಬಸ್ಸು ಹತ್ತಿದ. ಮಧ್ಯಾಹ್ನ ಬೆವರು ಒರೆಸಿಕೊಂಡು ಮನೆಗೆ ಬಂದು, "ಲೈಸೆನ್ಸ್ ಆಫೀಸಿನ್ಯಾಗ ಕೆಲಸ ಇತ್ತು, ಹೋಗಿದ್ದೆ" ಎಂದ. ಅಂದು ಸರ್ಕಾರಿ ರಜೆ. ನಾನು ಹಾಗೆಂದಾಗ ಅವ್ವ ನನ್ನ ತೊಡೆ ಚಿವುಟಿದಳು.

ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದರೆ ಸಾಲಿನಿಂದ ತಪ್ಪಿಸಿಕೊಂಡು ಚಹಾದಂಗಡಿಯಲ್ಲಿ ಕೂತ. ಪೊರೆ ಇದೆ ಎಂದು ಡಾಕ್ಟರು ಬರೆದುಬಿಟ್ಟರೆ ಲೈಸೆನ್ಸೂ ಹೋಯಿತು, ಗಿರಣಿಯ ಸಲಾಮೂ ಹೋಯಿತು ಎಂಬ ಹೆದರಿಕೆ. ಅವ್ವ ಅದಕ್ಕೆ ತಕ್ಕ ಜೋಡಿ. ತಟ್ಟೆಯಲ್ಲಿ ಏನೇನಿದೆ ಎಂದು ಬಡಿಸುವಾಗಲೇ ಹೇಳುತ್ತಾಳೆ, ಎದುರಿಗೆ ಬಂದವರ ಹೆಸರನ್ನು ಅವನ ಕಿವಿಗೆ ಬೀಳುವಂತೆ ಮೊದಲೇ ಕೂಗುತ್ತಾಳೆ.

"ಅವ್ವಾ, ಮನ್ಯಾಗ ಮಾತು ಮುಚ್ಚಿದ್ಹಾಂಗ ಇದನ್ನ ಮುಚ್ಚಾಕ ಬರಂಗಿಲ್ಲ. ಗ್ವಾಡಿ ಆಚಿ ಬಾಜೂಮನಿ ಲಾಲ್‌ಬೀ ಕುಂತು ರೊಟ್ಟಿ ಬಡೀತಾಳ. ಒಂದಿನ ಯಾರದರ ಜೀವ ಹೋಗತೈತಿ" ಎಂದು ನಾನು ಬಾಯಿ ಬಡಿದುಕೊಂಡೆ.

"ಹಂಗ ಅನಬ್ಯಾಡವಾ. ಗಂಡಸಿನ ಮಾನದ ಮಾತು" ಎಂದಳು.

ಮಾನವಂತೆ! ಅಪ್ಪನ ಮಾನ ಅಷ್ಟಕ್ಕೇ ನಿಲ್ಲಲಿಲ್ಲ. ಕಣ್ಣು ಕಣ್ಣು ಎಂದು ನಾನು ಗಂಟುಬಿದ್ದ ಮೇಲೆ, ತೂತಿಗೆ ಬೆರಳಿಟ್ಟು ನೋಡುವುದನ್ನೇ ಬಿಟ್ಟುಬಿಟ್ಟ. ಬೆರಳಿಟ್ಟರೆ ಕಣ್ಣು ಕಾಣುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತದಲ್ಲ! ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಖಾಲಿ" ಎಂದು ನನಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೋಡಬೇಕಾದರೆ ನಮ್ಮ ಮನೆಗೆ ಬರಬೇಕು.

ಹೀಗಿರುವಾಗ ಖಂಡೇಪೂಜೆ ಬಂತು. ದಸರೆಯಲ್ಲಿ ಆಯುಧಗಳಿಗೆ ಪೂಜೆ ಮಾಡುವ ಈ ದಿನ ಅಪ್ಪ ಅವ್ವನಿಗೆ ವರ್ಷದ ದೊಡ್ಡ ಜಗಳ. ಅವ್ವ ರಿವಾಲ್ವರಿಗೆ ವಿಭೂತಿ ಬಳಿದು, ಹಸಿ ಅರಿಶಿನ ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿ, ಕಾಯಿ ಒಡೆದ ನೀರನ್ನೂ ಚಿಮುಕಿಸುತ್ತಾಳೆ. ಆ ಹಸಿಗೆ ಕಬ್ಬಿಣ ಜಂಗು ಹಿಡಿಯುತ್ತದೆಂದು ಅಪ್ಪ ಕುಣಿದಾಡುತ್ತಾನೆ. ಹೋದ ವರ್ಷ ನಳಿಗೆಯೊಳಗಿಂದ ಅಕ್ಕಿಕಾಳು ತೆಗೆಯಲು ನನ್ನ ಉಲ್ಲನ್ ಸೂಜಿ ಬಳಸಿ ಅದನ್ನು ಸೊಟ್ಟ ಮಾಡಿದ್ದ.

ಅವ್ವನ ಪೂಜೆಗೆ ಇನ್ನೊಂದು ನೇಮವಿದೆ. ದೇವರ ಮುಂದೆ ಯಾವುದನ್ನೂ ಬರಿದಾಗಿ ಇಡಬಾರದು. ಸೇರು ಇಟ್ಟರೆ ಜೋಳ ತುಂಬಬೇಕು, ಕೊಡ ಇಟ್ಟರೆ ನೀರು, ಬುಟ್ಟಿ ಇಟ್ಟರೆ ಒಂದು ಹಿಡಿ ಕಡಲೆ. ತವರಿಗೆ ಬಂದ ಮಗಳನ್ನು ಉಡಿ ತುಂಬದೆ ಕಳಿಸುತ್ತಾರೆಯೇ? ಹಾಗೆಯೇ ಇದೂ. ನನ್ನ ಮಷೀನಿನ ಬಾಬಿನ್ನಿಗೆ ದಾರ ಸುತ್ತಿಲ್ಲವೆಂದು ಬೆಳಿಗ್ಗೆಯೇ ನನ್ನನ್ನು ಬೈದು ಸುತ್ತಿಸಿದ್ದಳು.

ಅಪ್ಪ ಎದ್ದವನೇ ಟ್ರಂಕು ತೆರೆದು ಗುಂಡು ಎಣಿಸಿ, ಕಪಾಟಿನಿಂದ ತೆಗೆದ ಖಾಲಿ ರಿವಾಲ್ವರಿನ ಗಾಲಿಯನ್ನು ಹೊರಕ್ಕೆ ಹೊರಳಿಸಿಯೇ ಮಣೆಯ ಮೇಲಿಟ್ಟ. ಪೂಜೆಗೆ ಇಟ್ಟರೂ ಅದು ಬಾಯಿ ತೆರೆದೇ ಇರಬೇಕೆಂಬುದು ಅವನ ನೇಮ. ಟ್ರಂಕಿಗೆ ಬೀಗ ಹಾಕಿ, ಕೀಲಿ ಅವ್ವನ ಕೈಗೆ ಕೊಟ್ಟು, ಜಳಕಕ್ಕೆ ಹೋದ.

ಪೂಜೆಯಾಯಿತು, ಆರತಿಯಾಯಿತು. ಅವ್ವ ಹೋಳಿಗೆ ಬೇಯಿಸಲು ಅಡುಗೆಮನೆಗೆ ಹೋದಳು. ಅಪ್ಪ ಜಂಗಿನ ಹೆದರಿಕೆಗೆ ಊಟಕ್ಕೂ ಕಾಯದೆ ರಿವಾಲ್ವರ್ ಎತ್ತಿಕೊಂಡು ಒರೆಸಲು ಕೂತ. ಮರುದಿನ ಬನ್ನಿ ಹಬ್ಬಕ್ಕೆ ಕೊಡಬೇಕಾದ ಜಂಪರುಗಳು ರಾಶಿ ಬಿದ್ದಿದ್ದವು, ಮಷೀನು ಬಂದ್. ನನಗೆ ಮೈಯೆಲ್ಲ ಉರಿ. ಅವನ ಬೆನ್ನಹಿಂದೆ ಹೋಗಿ ನಿಂತೆ.

ಅವನು ಗಾಲಿಯನ್ನು ಬಾಗಿಲಿನ ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿ, "ಖಾಲಿ" ಎಂದ.

ನನಗೆ ಐದು ತೂತಿನಲ್ಲಿ ಬೆಳಕು ಕಂಡಿತು. ಆರನೆಯದರಲ್ಲಿ ಹಳದಿ. ಚೆಂಡುಹೂವಿನ ಎಸಳು ಇರಬೇಕೆಂದುಕೊಂಡೆ. ಆದರೆ ಎಸಳು ಹಾಗೆ ದುಂಡಗಿರುವುದಿಲ್ಲ, ಹೊಳೆಯುವುದೂ ಇಲ್ಲ.

"ಯಪ್ಪಾ, ಮುಚ್ಚಬ್ಯಾಡ. ಅದರಾಗ ಏನೋ ಐತಿ."

"ಕುಂಕುಮ ಇರಬೇಕು. ನಿಮ್ಮವ್ವ ಬಿಟ್ಟಾಳೇನು?"

"ಕುಂಕುಮ ಅಲ್ಲಪ್ಪಾ. ಬೆರಳು ಇಟ್ಟು ನೋಡು."

ಬೆರಳೆಂದದ್ದೇ ತಪ್ಪಾಯಿತು. "ನೀ ನನಗ ಕಲಸ್ತೀಯೇನಲೇ? ನಿನ್ನ ಹುಟ್ಟಿಗಿಂತ ಮೊದಲಿಂದ ಬಂದೂಕ ಹಿಡಿದೀನಿ. ನನ್ನ ಕಣ್ಣಿಗಿ ಏನೂ ಆಗಿಲ್ಲ" ಎಂದು ಗಾಲಿ ಟಪ್ಪನೆ ಮುಚ್ಚಿದ.

ಇನ್ನು ಚೀಲದ ಕಡೆ ಹಿಡಿದು ಕುದುರೆ ಎಳೆಯುವುದೊಂದೇ ಬಾಕಿ. ಗುರಿ ತಪ್ಪಿದರೆ ಚೀಲದ ಹಿಂದೆ ಗೋಡೆ, ಗೋಡೆಯ ಹಿಂದೆ ಲಾಲ್‌ಬೀ. ಅವನ ಕೈ ಹಿಡಿಯಬಾರದೆಂದು ನನಗೆ ಗೊತ್ತಿತ್ತು, ಹಿಡಿದರೆ ಎಲ್ಲಿಗೆ ಹಾರುತ್ತದೋ! ರಿವಾಲ್ವರ್ ಇನ್ನೂ ಅವನ ತೊಡೆಯ ಮೇಲಿತ್ತು. ಸಿಟ್ಟೋ ಹೆದರಿಕೆಯೋ, ಸುತ್ತಿ ಹೋಗಿ ಆ ಮರಳಿನ ಚೀಲದ ಮೇಲೇ ಕೂತುಬಿಟ್ಟೆ.

ಅಷ್ಟು ಕೆಟ್ಟ ಬೈಗುಳ ಅಪ್ಪನ ಬಾಯಲ್ಲಿ ನಾನು ಕೇಳಿರಲಿಲ್ಲ. ಆದರೆ ಬೈಯುತ್ತಲೇ ರಿವಾಲ್ವರಿನ ಬಾಯಿಯನ್ನು ನನ್ನಿಂದ ದೂರ, ನೆಲದ ಕಡೆಗೆ ತಿರುಗಿಸಿದ. ಬೈಯುತ್ತಲೇ ಗಾಲಿಯನ್ನು ಮತ್ತೆ ಹೊರಳಿಸಿದ, ನಡುವೆ ಯಾರಾದರೂ ಬಂದರೆ ಮೊದಲಿನಿಂದ ಶುರು ಮಾಡಬೇಕಲ್ಲ!

"ಬೆರಳು ಇಡು. ಇಡೋತನ ನಾ ಏಳಂಗಿಲ್ಲ" ಎಂದೆ.

ನನ್ನನ್ನು ಎಬ್ಬಿಸಲಿಕ್ಕಾಗಿ ಇಟ್ಟ. ಕಿರುಬೆರಳು ಒಂದೊಂದೇ ತೂತಿನ ಮೇಲೆ ಹಾದುಹೋಯಿತು. ಬಾಯಿ ಬೈಯುತ್ತಿತ್ತು, ಬೆರಳು ನಡೆದಿತ್ತು. ಆಮೇಲೆ ಬೆರಳು ನಿಂತಿತು, ಬಾಯಿಯೂ ನಿಂತಿತು.

ಹಸಿ ಅರಿಶಿನಕ್ಕೆ ಗುಂಡು ತೂತಿನಲ್ಲಿ ಅಂಟಿತ್ತು. ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡ.

ಅವ್ವ ಹೋಳಿಗೆಯ ತಟ್ಟೆ ಹಿಡಿದು ಬಂದವಳು ಅದನ್ನು ನೋಡಿ, "ನಾನ ಇಟ್ಟೀನ್ರೀ. ನೀವು ಜಳಕಕ್ಕ ಹೋದಾಗ. ಹಬ್ಬದ ದಿನ ದೇವರ ಮುಂದ ಖಾಲಿ ಹ್ಯಾಂಗ ಇಡೂದು? ಅರಿಶಿಣ ಹಚ್ಚಿ ಒಂದ ಒಂದು ಗುಂಡು ಇಟ್ಟು ಉಡಿ ತುಂಬೀನಿ. ನೀವು ನೋಡೇ ನೋಡ್ತೀರಿ, ತಗೀತೀರಿ ಅಂತ..." ಎಂದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು. ಅವನು ನೋಡೇ ನೋಡುತ್ತಾನಂತೆ! ಅವನ ತಟ್ಟೆಯಲ್ಲಿ ಪಲ್ಯ ಎಲ್ಲಿದೆ, ಚಟ್ನಿ ಎಲ್ಲಿದೆ ಎಂದು ದಿನಾ ಹೇಳುವವಳು ಇವಳೇ. ಅವನ ಕಣ್ಣಿಗೆ ಏನೂ ಆಗಿಲ್ಲವೆಂದು ಊರಿಗೆಲ್ಲ ಹೇಳಿ ಹೇಳಿ, ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದಳು. ಇಬ್ಬರನ್ನೂ ಹಿಡಿದು ಗದರಿಸಬೇಕೆನಿಸಿತು.

ಅಪ್ಪ ಅವ್ವನನ್ನು ಬೈಯಲಿಲ್ಲ. ನನ್ನ ಕಡೆ ಮುಖ ತಿರುಗಿಸಿದ.

"ಅಮ್ರೀ, ನನಗ ಕಾಣಲಿಲ್ಲಲೇ."

ಅಮರೇಶ್ವರಿ ಎಂಬ ನನ್ನ ಹೆಸರನ್ನು ಅವನು ಹಾಗೆ ಮೋಟು ಮಾಡಿ ಕರೆದು ಎಷ್ಟೋ ಕಾಲವಾಗಿತ್ತು. ಎರಡು ವರ್ಷ ಈ ಮಾತಿಗಾಗಿ ಅವನ ಜೊತೆ ಹೋರಾಡಿದ್ದೆ. ಅವನು ಇದನ್ನು ಹೇಳಿದ ದಿನ ಏನೇನು ಅನ್ನಬೇಕೆಂದು ಮಷೀನು ತುಳಿಯುತ್ತಾ ಸಾಲಾಗಿ ಜೋಡಿಸಿಕೊಂಡಿದ್ದೆ. ಈಗ ಅವನು ಹೇಳಿದ, ಮತ್ತು ನನ್ನ ಬಾಯಿಂದ ಬಂದದ್ದೇ ಬೇರೆ.

"ಪಡಸಾಲ್ಯಾಗ ಬೆಳಕು ಕಡಿಮಿ ಐತಪ್ಪಾ."

"ಹೌದ್ರೀ, ಮ್ವಾಡ ಮುಚ್ಚೈತಿ" ಎಂದಳು ಅವ್ವ.

ಅಪ್ಪ ಬಾಗಿಲ ಕಡೆ ತಿರುಗಿದ. ನಡುಮಧ್ಯಾಹ್ನದ ಬಿಸಿಲು ಹೊಸ್ತಿಲು ದಾಟಿ ಅವನ ಕಾಲಿನ ಮೇಲೆ ಬಿದ್ದಿತ್ತು.

"ಕಾಲು ಸುಡಾಕತ್ತೈತಿ. ಅಷ್ಟರ ಗೊತ್ತಾಗತೈತಿ ನನಗ" ಎಂದ. "ಇಷ್ಟ ದಿನ ನಿಮ್ಮವ್ವ ಹೇಳಿದ್ದ ಸಾಕು. ನೀ ಸುರು ಮಾಡಬ್ಯಾಡ."

ನಾನು ಚೀಲದಿಂದೆದ್ದು ಅವನ ಪಕ್ಕ ಕೂತೆ. ಅವನು ರಿವಾಲ್ವರನ್ನು ಹಾಗೇ ಬಾಯಿ ತೆರೆದಂತೆ ನನ್ನ ಕೈಗೆ ಕೊಟ್ಟ. ಅದು ಮನೆಗೆ ಬಂದಾಗಿನಿಂದ ಒಮ್ಮೆಯೂ ಮುಟ್ಟಲು ನನಗೆ ಬಿಟ್ಟಿರಲಿಲ್ಲ. ಅಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

"ಖಾಲಿ ಐತೇನು ನೋಡು. ಇದನ್ನ ಠಾಣೇಕ ಒಪ್ಪಿಸಿ ಬರೂನು. ಗಿರಣಿ ಸಾಹುಕಾರ್ಗೆ ಫೋನ್ ಮಾಡಿ ಹೇಳು, ಗೋಪಣ್ಣ ಇನ್ನ ಬರಂಗಿಲ್ಲ ಅಂತ."

ನಾನು ಆರೂ ತೂತನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದೊಂದಕ್ಕೂ ಬೆರಳಿಟ್ಟೆ. ಬೆರಳಿಗೆ ಅರಿಶಿನ ಹತ್ತಿತು.

"ಖಾಲಿ ಐತಪ್ಪಾ" ಎಂದೆ.

ತಾನೂ ಮುಟ್ಟಿ ನೋಡಲೆಂದು ಅವನು ಅದನ್ನು ವಾಪಸು ಕೇಳಲಿಲ್ಲ. "ಹೂಂ" ಎಂದು ನಾನು ಹೇಳಿದ್ದನ್ನು ನಂಬಿ, ಠಾಣೆಗೆ ಹೊರಡಲು ಚಪ್ಪಲಿ ತಡಕಿದ.